ಸಾಹೇಬ್ರು ಬಂದಾರೇನ್ರಿ ಎಂದರೆ ಯಂತ್ರಕ್ಕೇನು ಗೊತ್ತು

ನನ್ನ ಸ್ವಂತ ಮೊಬೈಲ್ ನಂಬರು ನಾಲ್ಕು ತಾಲ್ಲೂಕಿನ ಗೋಡೆಗಳ ಮೇಲಿತ್ತು. ಕೊಪ್ಪಳದ ನಮ್ಮ ಆಫೀಸಿನ ಬೋರ್ಡಿನಲ್ಲಿ, ಗಂಗಾವತಿಯ ಗೋದಾಮಿನ ಶಟರಿನಲ್ಲಿ, ಕುಷ್ಟಗಿ ಮತ್ತು ಯಲಬುರ್ಗಾದ ಖರೀದಿ ಕೇಂದ್ರಗಳ ಬ್ಯಾನರುಗಳಲ್ಲಿ, ಕೊನೆಗೆ ಸದಸ್ಯರಿಗೆ ಹಂಚಿದ ಕ್ಯಾಲೆಂಡರಿನಲ್ಲಿ ದೇವರ ಪಾದದ ಕೆಳಗೂ ಅದೇ ನಂಬರು. ರೈತರೇ ಸೇರಿ ಕಟ್ಟಿಕೊಂಡ ಒಂದು ಕಂಪನಿಯಲ್ಲಿ ನಾನು ಲೆಕ್ಕಪತ್ರ ನೋಡುವವಳು. ಶುರುವಿನಲ್ಲಿ ಆಫೀಸಿಗೆ ಫೋನೇ ಇರಲಿಲ್ಲ. "ಸದ್ಯಕ್ಕ ನಿಮ್ಮ ನಂಬರ ಕೊಡ್ರಿ ಮೇಡಂ, ಮುಂದಿನ ತಿಂಗಳ ಬ್ಯಾರೆ ತಗೊಳ್ಳೂಣು" ಎಂದು ಮ್ಯಾನೇಜರ್ ಸಾಹೇಬರು ಹೇಳಿದ್ದರು. ಆ ಮುಂದಿನ ತಿಂಗಳು ವರ್ಷಗಟ್ಟಲೆ ಬರಲೇ ಇಲ್ಲ.

ನಾನು ಮೊದಲೇ ಸಿಡುಕಿ. ಎಮ್ಮೆ ಹಿಂಡುವ ಹೊತ್ತಿಗೇ ಶುರುವಾಗುವ ಫೋನು ನನ್ನನ್ನು ಇನ್ನಷ್ಟು ಕೆಡಿಸಿತು. ಮೈದುನನ ಮದುವೆಯಲ್ಲಿ ಬಲಗೈಯಲ್ಲಿ ಅಕ್ಕಿಕಾಳು, ಎಡಗೈಯಲ್ಲಿ ಫೋನು ಹಿಡಿದು ಅಳವಂಡಿಯ ಒಬ್ಬರಿಗೆ ಕಡಲೆಯ ದರ ಹೇಳಿದ್ದೇನೆ. ಗಟ್ಟಿಮೇಳದ ನಡುವೆ ಅವರಿಗೆ ಸರಿಯಾಗಿ ಕೇಳಿಸದೆ ಮತ್ತೊಮ್ಮೆ ಹೇಳಿಸಿದರು. ಮದುವೆಯ ವಿಡಿಯೋದಲ್ಲಿ ಅಕ್ಕಿಕಾಳು ಬೀಳುತ್ತಿರುವಾಗ ಬಾಯಿ ದೊಡ್ಡದು ಮಾಡಿ ಒದರುತ್ತಿರುವ ಹೆಂಗಸು ನಾನೇ.

ಇದನ್ನೆಲ್ಲ ಸಹಿಸಿದ್ದೆ. ಸಹಿಸಲಾಗದ್ದು ಅವ್ವನ ಮಾತು. ತವರೂರು ತಳಕಲ್‌ನಲ್ಲಿ ಅಣ್ಣನ ಮಕ್ಕಳು ಮೊಮ್ಮಕ್ಕಳ ಗದ್ದಲದ ನಡುವೆ ಇರುವ ಅವ್ವನಿಗೆ ಒಂದು ಬಟನ್ ಫೋನಿದೆ. ನನ್ನ ನಂಬರು ಅವಳಿಗೆ ಬಾಯಿಪಾಠ. ಆದರೆ ಯಾವಾಗ ಫೋನು ಹಚ್ಚಿದರೂ ನಾನು ಇನ್ನೊಬ್ಬರೊಡನೆ ಮಾತಾಡುತ್ತಿರುತ್ತಿದ್ದೆ. ಒಂದು ಪಂಚಮಿ ಹಬ್ಬದ ದಿನ ಅವಳ ತಾಳ್ಮೆ ತೀರಿತು.

"ಯಾವಾಗ ಹಚ್ಚಿದ್ರೂ ಬ್ಯಾರೆಯವ್ರ ಕೂಡ ಮಾತಾಡಾಕತ್ತಾರ ಅಂತಾಳ ಆ ಫೋನಿನ್ಯಾಕಿ. ಊರ ಮಂದೀಗೆಲ್ಲ ಸಿಗ್ತಿ, ಹಡದಾಕಿಗಿ ಸಿಗಂಗಿಲ್ಲ. ಇನ್ನ ನಾನಾಗಿ ಹಚ್ಚಂಗಿಲ್ಲ. ನಿನಗ ಪುರುಸೊತ್ತು ಸಿಕ್ಕಾಗ ನೀನ ಹಚ್ಚು."

ಹಾಗೆ ಹೇಳಿ ಸುಮ್ಮನಾದವಳು ನಿಜಕ್ಕೂ ಸುಮ್ಮನಾದಳು. ನಾನೇ ಹಚ್ಚಿದರೆ "ಹೂಂ", "ಆರಾಮ", "ಫೋನ್ ಇಡ್ಲ್ಯಾ?" ಇಷ್ಟೇ. ಅದೇ ಅವಳಾಗಿ ಹಚ್ಚಿದ ದಿನ ಊರಿನ ಬೆಕ್ಕು ಮರಿ ಹಾಕಿದ್ದರಿಂದ ಹಿಡಿದು ಸೊಸೆ ಉಪ್ಪಿಟ್ಟಿಗೆ ಎಣ್ಣೆ ಸುರಿಯುವುದರ ತನಕ ಎಲ್ಲ ಸುದ್ದಿ ಬರುತ್ತಿತ್ತು. ನನಗೆ ಆ ಅವ್ವ ಬೇಕಾಗಿದ್ದಳು. ಅವಳು ಹಚ್ಚಿದಾಗ ಮೊದಲ ರಿಂಗಿಗೇ ಎತ್ತಿಕೊಳ್ಳುವಂತೆ ನನ್ನ ಫೋನು ಖಾಲಿ ಇರಬೇಕು. ಅಷ್ಟಾದರೆ ಸಾಕೆಂದು ದೇವರಿಗೂ ಹೇಳಿಕೊಂಡಿದ್ದೆ.

ದೇವರು ಕೇಳಿಸಿಕೊಂಡನೋ ಏನೋ, ಸಾಹೇಬರು ಎಲ್ಲೋ ಒಂದು ತರಬೇತಿಗೆ ಹೋಗಿ ಬಂದು ಎಐ ಏಜೆಂಟ್ ಎಂಬ ಹೊಸ ಮಾತು ತಂದರು. ಸದಸ್ಯರು ಫೋನು ಮಾಡಿದರೆ ಯಂತ್ರವೇ ಎತ್ತಿಕೊಂಡು, ನಂಬರಿನಿಂದಲೇ ಯಾರೆಂದು ಗುರುತಿಸಿ, ಕೇಳಿದ್ದನ್ನು ತಿಳಿದುಕೊಂಡು, ನಮ್ಮ ಕಂಪ್ಯೂಟರಿನಿಂದ ದರ, ಬಿಲ್ಲು, ಷೇರಿನ ಲೆಕ್ಕ ತೆಗೆದು ಹೇಳುತ್ತದಂತೆ. ಆಡಳಿತ ಮಂಡಳಿಯವರು ಏಜೆಂಟ್ ಎಂಬ ಶಬ್ದ ಕೇಳಿಯೇ ಸಿಟ್ಟಾದರು. ದಲಾಲರ ಕಾಟ ತಪ್ಪಲೆಂದೇ ಕಂಪನಿ ಕಟ್ಟಿದವರು ಅವರು.

"ದಲಾಲಿ ಎಷ್ಟು ತಗೋತಾನಂತ್ರಿ ಅವ?" ಎಂದು ಯಲಬುರ್ಗಾ ಕಡೆಯ ಹಿರಿಯ ನಿರ್ದೇಶಕರು ಕೇಳಿದರು.

"ಅವ ಅಲ್ರಿ, ಅದು. ಏನೂ ತಗೊಳ್ಳಂಗಿಲ್ಲ" ಎಂದರು ಸಾಹೇಬರು.

"ಏನೂ ತಗೊಳ್ದ ಯಾಂವ ಕೆಲಸ ಮಾಡ್ತಾನ್ರೀ? ಮೊದಲ ಮಾಡಿ ತೋರಸ್ರಿ, ಆಮ್ಯಾಲ ನೋಡೂಣು."

ಅಲ್ಲಿಗೆ ಮಂಡಳಿಯ ಮುಂದೆ ಪರೀಕ್ಷೆಯಾಗಬೇಕೆಂದು ಠರಾವಾಯಿತು. ಪಾಸಾದರೆ ಗೋಡೆಗಳ ಮೇಲಿನ ನಂಬರು ಯಂತ್ರಕ್ಕೆ, ನನಗೆ ಹೊಸ ಸಿಮ್ಮು. ಫೇಲಾದರೆ ನಾನೂ ನನ್ನ ಫೋನೂ ಇದ್ದ ಹಾಗೇ.

ಯಂತ್ರ ಜೋಡಿಸುವ ಕೆಲಸ ಹಿಡಿದವಳು ಕುಷ್ಟಗಿಯ ಒಬ್ಬ ಹೆಣ್ಣುಮಗಳು. ಬಾಣಂತನಕ್ಕೆ ತವರಿಗೆ ಬಂದು ಅಲ್ಲಿಂದಲೇ ದುಡಿಯುತ್ತಿದ್ದಳು. ವಿಡಿಯೋ ಕಾಲಿನಲ್ಲಿ ಅವಳ ಮುಖ ಅರ್ಧ, ಕೂಸಿನ ಕುಲಾಯಿ ಅರ್ಧ ಕಾಣುತ್ತಿತ್ತು. ಅವಳು ಹೇಳಿದ್ದು ಹೀಗೆ: ಯಂತ್ರದ ಕೈಗೆ ಆರು ಟೂಲು ಕೊಟ್ಟಿರುತ್ತೇವೆ. ಒಂದು ಇವತ್ತಿನ ದರ ತರುತ್ತದೆ, ಒಂದು ಹಳೆಯ ದರ, ಒಂದು ಸದಸ್ಯರ ಬಿಲ್ಲು, ಒಂದು ಷೇರು, ಒಂದು ಗೋದಾಮಿನಲ್ಲಿಟ್ಟ ಮಾಲು. ಕೊನೆಯದು, ಇದ್ಯಾವುದೂ ಆಗದಿದ್ದರೆ ಫೋನನ್ನು ಮನುಷ್ಯರಿಗೆ ದಾಟಿಸುವುದು. ಯಾವುದನ್ನು ಯಾವಾಗ ಎತ್ತಿಕೊಳ್ಳಬೇಕೆಂದು ಯಂತ್ರಕ್ಕೆ ತಿಳಿಯುವುದು ಪ್ರತಿಯೊಂದರ ಜೊತೆ ಬರೆದಿಟ್ಟ ವಿವರಣೆಯಿಂದ ಮಾತ್ರ. "ಆ ವಿವರಣೆ ನೀವ ಬರೀಬೇಕ್ರಿ ಅಕ್ಕಾರ. ಮಂದಿ ಹೆಂಗ ಕೇಳ್ತಾರಂತ ನಿಮಗಷ್ಟ ಗೊತ್ತೈತಿ."

ನಮ್ಮ ಕಂಪನಿಯ ವಾರ್ಷಿಕ ವರದಿ ಬರೆಯುವವಳು ನಾನೇ. ಅದರ ಜಂಬ ಸ್ವಲ್ಪ ಇತ್ತು. ಕುಳಿತು ಬರೆದೆ: "ಸದಸ್ಯ ಬಾಂಧವರ ಆರ್ಥಿಕ ಶ್ರೇಯೋಭಿವೃದ್ಧಿಯನ್ನು ಗಮನದಲ್ಲಿರಿಸಿಕೊಂಡು ಸಕಾಲದಲ್ಲಿ ಸಮರ್ಪಕ ಹಣಕಾಸಿನ ಮಾಹಿತಿಯನ್ನು ಒದಗಿಸುವ ಮಹತ್ವದ ಸೌಲಭ್ಯ." ಆರಕ್ಕೂ ಇದೇ ಧಾಟಿ, ಒಂದೊಂದರಲ್ಲಿ ಒಂದೊಂದು ವಿಶೇಷಣ ಹೆಚ್ಚು. ಓದಿಕೊಂಡಾಗ ಕಣ್ಣು ತುಂಬಿ ಬಂತು.

ಯಂತ್ರವನ್ನು ಮೆಕ್ಕೆಜೋಳದ ದರ ಕೇಳಿದರೆ ನನ್ನ ಷೇರು ಎಷ್ಟಿದೆ ಎಂದು ಹೇಳಿತು. ಷೇರು ಕೇಳಿದರೆ ಗೋದಾಮಿಗೆ ಹೋಯಿತು.

"ಛಲೋ ಬರದೀರಿ ಅಕ್ಕಾರ" ಎಂದಳು ಕುಷ್ಟಗಿಯವಳು, ಕೂಸಿನ ಬೆನ್ನು ತಟ್ಟುತ್ತ. "ಆದ್ರ ಆರೂ ಒಂದ ನಮೂನಿ ಅದಾವು. ಅದಕ್ಕ ಯಾವುದನ್ನ ತಗೀಬೇಕಂತ ತಿಳೀವಲ್ದು."

ಸಿಟ್ಟು ನೆತ್ತಿಗೇರಿತು. ಮನೆಗೆ ಹೋಗಿ ಪಾತ್ರೆಗಳ ಮೇಲೆ ತೀರಿಸಿಕೊಂಡೆ. ಸಾರಿಗೆ ಉಪ್ಪು ಹಾಕಲೆಂದು ಕೈ ಚಾಚಿದಾಗ ನನ್ನ ಮದುವೆಯಾದ ಹೊಸತು ನೆನಪಾಯಿತು. ಅತ್ತೆಯ ಅಡುಗೆಮನೆಯಲ್ಲಿ ಒಂದೇ ಅಳತೆಯ ಸ್ಟೀಲ್ ಡಬ್ಬಿಗಳು ಸಾಲಾಗಿ ಕುಳಿತಿದ್ದವು. ಯಾವುದರಲ್ಲಿ ಏನಿದೆ ಎಂದು ಕೇಳಿದರೆ "ಅಡಿಗೀವ ಅದಾವ ತಗೋ" ಎಂದಿದ್ದರು. ಮೊದಲ ದಿನವೇ ನಾನು ಸಾರಿಗೆ ಸೋಡಾ ಹಾಕಿ, ಸಾರು ಒಲೆಯ ಮೇಲೆ ಉಕ್ಕಿ, ಮಾವನವರು ಊಟ ಬಿಟ್ಟೆದ್ದಿದ್ದರು. ಈಗ ನಾನು ಆ ಯಂತ್ರಕ್ಕೆ ನನ್ನ ಅತ್ತೆಯೇ ಆಗಿದ್ದೆ. ಮರುದಿನ ಆರನ್ನೂ ಅಳಿಸಿ ಹೊಸ ಸೊಸೆಗೆ ಹೇಳುವ ಹಾಗೆ ಬರೆದೆ. ಇದು ಸದಸ್ಯರು ಮಾರಿದ ಮಾಲಿನ ಹಣ ಬ್ಯಾಂಕಿಗೆ ಜಮಾ ಆಗಿದೆಯೋ ಇಲ್ಲವೋ ತಿಳಿಸುತ್ತದೆ. ಇವತ್ತಿನ ದರ ಕೇಳಿದರೆ ಇದನ್ನು ಮುಟ್ಟಬೇಡ, ಪಕ್ಕದ್ದನ್ನು ತೆಗೆ. ಹಾಗೆ.

"ಈಗ ಬಂತ್ ನೋಡ್ರಿ" ಎಂದಳು ಆಕೆ.

ಬಂದದ್ದು ಪೂರ್ತಿ ಬಂದಿರಲಿಲ್ಲ. ಪರೀಕ್ಷೆಗೆಂದು ಅವಳ ಅಪ್ಪ ಗಂಗಾವತಿಯ ಭತ್ತದ ದರ ಕೇಳಿದರು. ಯಂತ್ರ ದರವನ್ನೇನೋ ಸರಿಯಾಗಿ ತಂದಿತು, ಆದರೆ ಕೊನೆಗೆ "ಕ್ವಿಂಟಲ್‌ಗೆ" ಎಂದು ತನ್ನ ತಲೆಯಿಂದ ಒಂದು ಮಾತು ಸೇರಿಸಿತು. ಆ ಹಿರಿಯರು ಗಾಬರಿಯಾಗಿ ಗಂಗಾವತಿಯ ಬೀಗರಿಗೆ ಫೋನು ಹಚ್ಚಿ, ಭತ್ತದ ಬಜಾರು ಹೀಗೆ ಬಿದ್ದದ್ದಕ್ಕೆ ಸಮಾಧಾನ ಹೇಳಿದರಂತೆ. ಬೀಗರು ಏನೂ ತಿಳಿಯದೆ ತಾವೂ ಗಾಬರಿಯಾದರಂತೆ.

"ಗಂಗಾವತ್ಯಾಗ ಭತ್ತಕ್ಕ ಎಪ್ಪತ್ತೈದು ಕೆಜಿ ಚೀಲದ ಲೆಕ್ಕಾನ ಹೇಳ್ತಾರ. ಅದು ಯಾರಿಗಿ ಗೊತ್ತಿಲ್ಲ?" ಎಂದು ನಾನು ಜಗಳಕ್ಕೇ ನಿಂತೆ.

"ಅದಕ್ಕ ಗೊತ್ತಿಲ್ರಿ ಅಕ್ಕಾರ."

ಯಾರಿಗೆ ಗೊತ್ತಿಲ್ಲ ಎಂದು ನಾನು ಬಿಟ್ಟದ್ದೆಲ್ಲ ಅದಕ್ಕೆ ಗೊತ್ತಿರಲಿಲ್ಲ. ಭತ್ತಕ್ಕೆ ಚೀಲ, ಮೆಕ್ಕೆಜೋಳಕ್ಕೆ ಕ್ವಿಂಟಲ್. ನಿನ್ನೆ ಬಜಾರು ರಜೆ ಇದ್ದರೆ ಮೊನ್ನೆಯ ದರ ಹೇಳು, ಆದರೆ ಮೊನ್ನೆಯದು ಎಂದು ಹೇಳಿಯೇ ಹೇಳು. ನಮ್ಮ ಬದುಕಿನಲ್ಲಿ ಇಷ್ಟೊಂದು ಸಂಗತಿಗಳು ಹೇಳದೇ ನಡೆಯುತ್ತವೆಂದು ನನಗೆ ಆಗಲೇ ತಿಳಿದದ್ದು.

ಆಮೇಲೆ ಕೆಲವು ಸದಸ್ಯರನ್ನು ಯಂತ್ರದ ಜೊತೆ ಮಾತಾಡಿಸಿ ನೋಡಿದೆವು. ಅದರ ದನಿ ಹೆಣ್ಣು ದನಿ, ಕನ್ನಡ ಪುಸ್ತಕದ್ದು. ಕುಕನೂರಿನ ಒಬ್ಬರು ಕೇಳಿದರು: "ಸಾಹೇಬ್ರು ಬಂದಾರೇನ್ರಿ?"

"ಕ್ಷಮಿಸಿ, ಸಿಬ್ಬಂದಿಯ ಹಾಜರಾತಿಯ ಮಾಹಿತಿ ನನ್ನ ಬಳಿ ಇಲ್ಲ" ಎಂದಿತು ಯಂತ್ರ. ಅವರು "ಆತ್ರಿ, ಆತ್ರಿ" ಎಂದು ಇಟ್ಟುಬಿಟ್ಟರು.

ಇನ್ನೊಬ್ಬರೂ ಅದನ್ನೇ ಕೇಳಿದರು. ಮತ್ತೊಬ್ಬರು, ಆಫೀಸು ತೆಗೆದಿದ್ದೀರೇನು ಎಂದರು. ಕುಷ್ಟಗಿಯವಳು ತಲೆ ಕೆರೆದುಕೊಂಡು, "ಮಂದಿ ಸಾಹೇಬ್ರನ್ನ ಯಾಕ ಇಷ್ಟು ನೆನಸ್ತಾರ್ರಿ?" ಎಂದಳು. ನಾನು ನಕ್ಕು ಸಾಕಾದೆ. ನಮ್ಮ ಕಡೆ ಮಾನವಂತರು "ನನ್ನ ರೊಕ್ಕ ಬಂತೇನು" ಎಂದು ನೇರ ಕೇಳುವುದಿಲ್ಲ. ಹಾಗೆ ಕೇಳಿದರೆ ನಿಮ್ಮ ಮೇಲೆ ನಂಬಿಕೆ ಇಲ್ಲ ಎಂದಂತೆ. ಬಿಲ್ಲಿಗೆ ಸಹಿ ಹಾಕುವವರು ಸಾಹೇಬರು, ಆದ್ದರಿಂದ ಸಾಹೇಬರು ಬಂದಿದ್ದಾರೆಯೇ ಎಂದು ಕೇಳಿ ಸುಮ್ಮನಾಗುತ್ತಾರೆ. ನಾನು ಅಷ್ಟಕ್ಕೇ ಅವರ ಬಿಲ್ಲು ನೋಡಿ, "ಬಂದಾರ್ರಿ, ಮಂಗಳವಾರದೊಳಗ ಆಗ್ತೈತಿ" ಎನ್ನುತ್ತೇನೆ. ರೊಕ್ಕದ ಹೆಸರನ್ನು ಇಬ್ಬರೂ ಎತ್ತುವುದಿಲ್ಲ.

"ಇದನ್ನ ಮೊದಲ ಹೇಳಬಾರದೇನ್ರಿ ಅಕ್ಕಾರ."

"ಯಾರಿಗಿ ಗೊತ್ತಿಲ್ಲ ಅಂತ..." ಎಂದು ಶುರು ಮಾಡಿದವಳು ನಾನೇ ಬಾಯಿ ಮುಚ್ಚಿಕೊಂಡೆ. ಬಿಲ್ಲಿನ ಟೂಲಿನ ವಿವರಣೆಗೆ ಸೇರಿಸಿದೆ: ಸಾಹೇಬರು ಬಂದಿದ್ದಾರೆಯೇ, ಆಫೀಸು ತೆರೆದಿದೆಯೇ ಎಂದು ಸದಸ್ಯರು ಕೇಳಿದರೆ ಅವರು ತಮ್ಮ ಬಿಲ್ಲನ್ನೇ ಕೇಳುತ್ತಿದ್ದಾರೆ, ಕೂಡಲೇ ಇದನ್ನು ತೆಗೆದು ನೋಡಿ ಹೇಳು.

ಕೊನೆಯದು ಮನುಷ್ಯರಿಗೆ ದಾಟಿಸುವ ಟೂಲು. ಆ ಮನುಷ್ಯರು ಎಂದರೆ ನಾನೇ. ಇಲ್ಲಿ ಮಾತ್ರ ನಾನು ಯಾರ ಸಲಹೆಯನ್ನೂ ಕೇಳಲಿಲ್ಲ. ನೋಂದಾಯಿತ ಸದಸ್ಯರು, ಹಣಕಾಸಿನ ದೂರು, ಬೇರೆ ಯಾವ ಟೂಲಿನಿಂದಲೂ ಉತ್ತರ ಸಿಗದಿದ್ದಾಗ ಮಾತ್ರ. ಕುಶಲ ವಿಚಾರಿಸುವವರು, ಮಳೆ ಬೆಳೆ ಮಾತಾಡುವವರು, ಊಟ ಆಯಿತೇ ಎಂದು ಕೇಳುವವರು, ಇವರನ್ನು ಯಾವ ಕಾರಣಕ್ಕೂ ದಾಟಿಸಬಾರದು. ಬರೆದು ಮುಗಿಸಿದಾಗ ಬೆನ್ನಿನ ಮೇಲಿನ ಮೂಟೆ ಇಳಿಸಿದ ಹಾಗಾಯಿತು. ಇಷ್ಟು ಸ್ಪಷ್ಟವಾದ ವಾಕ್ಯಗಳನ್ನು ನಾನು ಹಿಂದೆಂದೂ ಬರೆದಿರಲಿಲ್ಲ.

ಪರೀಕ್ಷೆಯ ದಿನ ಮಂಡಳಿಯವರೆಲ್ಲ ಚಹಾ ಕುಡಿದು ಕುಳಿತರು. ಮ್ಯಾನೇಜರ್ ಸಾಹೇಬರೇ ಬಂದಿರಲಿಲ್ಲ. ಅವರ ಗಾಡಿ ಎಲ್ಲೋ ಪಂಕ್ಚರಾಗಿತ್ತು. ಯಲಬುರ್ಗಾದ ಹಿರಿಯರು, "ಆಗಲಿ, ನಿಮ್ಮ ಮಷೀನನ್ನ ಕೇಳೂಣು" ಎಂದು ತಮ್ಮ ಫೋನಿನಿಂದಲೇ ಸ್ಪೀಕರ್ ಹಾಕಿ ಯಂತ್ರದ ಪರೀಕ್ಷೆಯ ನಂಬರಿಗೆ ಹಚ್ಚಿದರು.

"ಸಾಹೇಬ್ರು ಬಂದಾರೇನ್ರಿ?"

"ನಮಸ್ಕಾರ. ನಿಮ್ಮ ಮೆಕ್ಕೆಜೋಳದ ಬಿಲ್ಲಿನ ಪೂರ್ಣ ಮೊತ್ತ ಮೊನ್ನೆ ನಿಮ್ಮ ಖಾತೆಗೆ ಜಮಾ ಆಗಿದೆ" ಎಂದಿತು ಯಂತ್ರ, ಸ್ವಚ್ಛ ದನಿಯಲ್ಲಿ.

ಅವರ ಜೊತೆಗೇ ಮಾಲು ಹಾಕಿ ಇನ್ನೂ ರೊಕ್ಕ ಕಾಣದ ಬೇರೆ ನಿರ್ದೇಶಕರು ಒಬ್ಬರ ಮುಖ ಒಬ್ಬರು ನೋಡಿದರು.

"ನಿಮಗ ಮೊನ್ನೆನ ಬಂತೇನ್ರಿ?" ಎಂದರು ಪಕ್ಕದವರು, ಭಾಳ ಮೆತ್ತಗೆ.

"ನಾ ಖರೇನ ಸಾಹೇಬ್ರನ್ನ ಕೇಳಿದ್ನಿ" ಎಂದು ಹಿರಿಯರು ಕೆಂಪಾದರು. "ಅವರು ಇನ್ನೂ ಬಂದಿಲ್ಲಲ್ಲ, ಅದಕ್ಕ ಕೇಳಿದ್ನಿ. ನನ್ನ ರೊಕ್ಕ ಯಾರು ಕೇಳಿದ್ರಿಲ್ಲಿ?"

ನನ್ನ ಹೊಸ ಸಿಮ್ಮು ಕಣ್ಣೆದುರೇ ನೀರಿನಲ್ಲಿ ಬಿದ್ದಂತಾಯಿತು. ಯಂತ್ರಕ್ಕೆ ಮರ್ಯಾದಿ ಇಲ್ಲ, ಅಕ್ಕಾರೇ ಇರಲಿ ಎಂದು ಎರಡು ದನಿಗಳು ಎದ್ದವು. ನಾನು ನಡುವೆಯೇ ಎದ್ದು ನಿಂತು, ತಪ್ಪು ಯಂತ್ರದ್ದಲ್ಲ, ಬರೆದದ್ದರಲ್ಲಿ ಒಂದು ಸಾಲು ಕಡಿಮೆ, ಹೇಳುವ ಮೊದಲು "ಈಗ ಹೇಳಲೇ?" ಎಂದು ಕೇಳಬೇಕು, ಅಷ್ಟು ಸೇರಿಸಿದರೆ ಆಯಿತು ಎಂದು ಒಂದೇ ಉಸಿರಿಗೆ ಹೇಳಿದೆ. ಯಾರೂ ನನ್ನ ಮಾತು ಕೇಳುತ್ತಿರಲಿಲ್ಲ. ಪಕ್ಕದವರು ಆಗಲೇ ಫೋನು ಕಿವಿಗಿಟ್ಟುಕೊಂಡು ವರಾಂಡಕ್ಕೆ ನಡೆದಿದ್ದರು. ಅವರ ಹಿಂದೆ ಇನ್ನೊಬ್ಬರು. ಆಮೇಲೆ ಎಲ್ಲರೂ. ವರಾಂಡದ ಮೂಲೆ ಮೂಲೆಯಿಂದ "ಸಾಹೇಬ್ರು ಬಂದಾರೇನ್ರಿ?" ಎಂಬ ಪಿಸುಮಾತು. ಅಷ್ಟರಲ್ಲಿ ಸಾಹೇಬರು ಖುದ್ದಾಗಿ ಬಂದು ಮೆಟ್ಟಿಲ ಬಳಿ ನಿಂತರೂ ಯಾರೂ ಅವರನ್ನು ತಿರುಗಿ ನೋಡಲಿಲ್ಲ. ಒಳಗೆ ಬಂದ ಮೇಲೆ ಸರ್ವಾನುಮತದಿಂದ ಮಂಜೂರು ಮಾಡಿದರು.

ಹೊಸ ಸಿಮ್ಮು ಬಂತು. ನಂಬರನ್ನು ಅಣ್ಣನಿಗೆ ಕಳಿಸಿ, ಅವ್ವನ ಫೋನಿನಲ್ಲಿ ಹಾಕಿಕೊಡು, ಇನ್ನು ಮೇಲೆ ಮೊದಲ ರಿಂಗಿಗೇ ಎತ್ತುತ್ತೇನೆಂದು ಹೇಳು ಎಂದೆ. ಅವನು ಹಾಕಿದ್ದೇನೆ ಎಂದ. ನಾನು ಕಾದೆ. ಬಿಸಿ ರೊಟ್ಟಿ ಬಿಸಿ ಇರುವಾಗಲೇ ತಿಂದೆ. ಪೂಜೆಯನ್ನು ಪೂರ್ತಿ ಮಾಡಿದೆ. ಫೋನು ಸತ್ತ ಹಾಗೆ ಬಿದ್ದಿರುತ್ತಿತ್ತು. ಅವ್ವನ ಕರೆ ಮಾತ್ರ ಬರಲಿಲ್ಲ. ನಾನೇ ಹಚ್ಚಬಹುದಿತ್ತು. ಆದರೆ ಇಷ್ಟೆಲ್ಲ ಗುದ್ದಾಡಿ ಫೋನು ಖಾಲಿ ಮಾಡಿಕೊಂಡಿದ್ದೇನೆ, ಅವಳು ಈಗಲೂ ಹಟ ಬಿಡದಿದ್ದರೆ ನಾನೂ ಅವಳ ಮಗಳೇ ಎಂದು ಸೆಟೆದುಕೊಂಡೆ. ಅಣ್ಣನನ್ನು ಕೇಳಿದರೆ "ಆರಾಮ ಅದಾಳ" ಎನ್ನುತ್ತಿದ್ದ. ಒಳಗೊಳಗೇ ಭಾಳ ನೋವಾಗಿತ್ತು.

ಹೀಗೇ ಕೆಲವು ವಾರ ಕಳೆದ ಮೇಲೆ ಕುಷ್ಟಗಿಯವಳು ಒಂದು ಮಧ್ಯಾಹ್ನ ವಿಡಿಯೋದಲ್ಲಿ ಬಂದಳು. ಯಂತ್ರದ ಮಾತುಕತೆಗಳೆಲ್ಲ ಬರಹವಾಗಿ ಉಳಿಯುತ್ತವೆ, ತಪ್ಪಿದ್ದಲ್ಲಿ ತಿದ್ದಲು ಅವಳು ಆಗಾಗ ಅವನ್ನು ಓದುತ್ತಿದ್ದಳು.

"ಅಕ್ಕಾರ, ಒಬ್ಬ ಅಮ್ಮಾರು ದಿನಾ ಹಚ್ಚಾಕತ್ತಾರ. ಸದಸ್ಯರಲ್ಲ. ಏನ ಕೇಳಾಕತ್ತಾರಂತ ನನಗೂ ತಿಳೀವಲ್ದು. ಯಾವ ಟೂಲಿನ್ಯಾಗ ಹಾಕೂಣು ನೋಡ್ರಿ."

ಪರದೆಯ ಮೇಲೆ ತಳಕಲ್‌ನ ಅವ್ವನ ನಂಬರು ಕಂಡಿತು. ಅಣ್ಣ ಹೊಸ ನಂಬರು ಹಾಕಿದ್ದಿರಬಹುದು. ಅವ್ವ ಬಾಯಿಪಾಠವಿದ್ದ ಹಳೆಯ ನಂಬರನ್ನೇ ಒತ್ತುತ್ತಿದ್ದಳು. ನನ್ನ ಸಿಮ್ಮು ಬದಲಾದ ಮೊದಲ ದಿನದಿಂದಲೇ ಒತ್ತಿದ್ದಳು. ಹಟ ಹಿಡಿದವಳು ನಾನೊಬ್ಬಳೇ. ಓದತೊಡಗಿದೆ.

"ಯಾರವಾ ನೀ? ನಮ್ಮ ಮಗಳ ಆಫೀಸಿನ್ಯಾಕಿ ಏನು? ಆಕಿಗಿ ಕೊಡು."

"ಕ್ಷಮಿಸಿ, ನಿಮ್ಮ ಸಂಖ್ಯೆ ನೋಂದಣಿಯಾಗಿಲ್ಲ. ದರದ ಮಾಹಿತಿ ಬೇಕಿದ್ದರೆ ಹೇಳಬಹುದು."

"ದರಾ? ಕೊಪ್ಪಳದಾಗ ಹುಣಸಿಹಣ್ಣು ಹೆಂಗ ಐತಿ?"

ಯಂತ್ರ ದರ ಹೇಳಿತ್ತು, ಕ್ವಿಂಟಲಿನ ಲೆಕ್ಕದಲ್ಲಿ, ಮೊನ್ನೆಯದು ಎಂದು ಸೇರಿಸಿ. ನಾನು ಬರೆದ ಹಾಗೆಯೇ, ಒಂದಕ್ಷರ ತಪ್ಪಿಲ್ಲ. ಮರುದಿನವೂ ಅವ್ವ ಹುಣಸೆಹಣ್ಣು ಕೇಳಿದ್ದಳು. ಅದರ ಮರುದಿನವೂ. ಹಿತ್ತಲಿನ ಮರದ ಹುಣಸೆ ಬಡಿಸಿ, ಬೀಜ ತೆಗೆಸಿ, ನನ್ನ ಪಾಲನ್ನು ಗಡಿಗೆಗೆ ತುಂಬಿಟ್ಟ ಮೇಲೆ ಪ್ರತಿ ವರ್ಷ ಅವಳು ಕೇಳುವ ಪ್ರಶ್ನೆ ಅದು. ಊರಿಗೆ ಯಾವಾಗ ಬರುತ್ತೀ ಎಂದು ಅವಳು ಬಾಯಿಬಿಟ್ಟು ಯಾವತ್ತೂ ಕೇಳಿದವಳಲ್ಲ.

ನಿನ್ನೆಯದನ್ನು ಕೊನೆಗೆ ಓದಿದೆ.

"ಆಕಿ ಊಟ ಮಾಡ್ಯಾಳೇನ, ಅಷ್ಟರ ಹೇಳವಾ."

"ಕ್ಷಮಿಸಿ, ಆ ಮಾಹಿತಿ ನನ್ನ ಬಳಿ ಇಲ್ಲ."

"ಇಲ್ಲಂದ್ರ ಹೊಳ್ಳಿ ನೋಡಿ ಹೇಳು. ಆಕಿ ಬಾಜೂಕನ ಇರ್ತಿ ನೀ. ಆಗಲಿ ಬಿಡು, ನಿಂದರ ಆತೇನವಾ ಊಟ?"

ಅದಕ್ಕೆ ಯಂತ್ರ, ಬೇರೆ ಏನಾದರೂ ಸಹಾಯ ಬೇಕೇ ಎಂದಿತ್ತು.

ಆಫೀಸಿನಲ್ಲಿ ಎಲ್ಲರೆದುರೇ ಅತ್ತೆ. ಕುಷ್ಟಗಿಯವಳು ಗಾಬರಿಯಾಗಿ, "ಯಾವ ಟೂಲ್ರಿ ಅಕ್ಕಾರ?" ಎಂದು ಮತ್ತೆ ಕೇಳಿದಳು. ಕೊನೆಯ ಟೂಲಿನ ವಿವರಣೆ ತೆರೆಸಿ, ಈ ನಂಬರಿನಿಂದ ಕರೆ ಬಂದರೆ ಯಾವ ದರವನ್ನೂ ಹುಡುಕಬೇಡ, ಏನು ಕೇಳಿದರೂ ನೇರ ನನಗೆ ದಾಟಿಸು, ನಾನು ಯಾವ ಕೆಲಸದಲ್ಲಿದ್ದರೂ ಸರಿ ಎಂದು ಬರೆಸಿದೆ. ಆಮೇಲೆ ಹೊರಗೆ ಹೋಗಿ ಅವ್ವನಿಗೆ ಹಚ್ಚಿದೆ.

"ಹೂಂ" ಎಂದಳು. ನನ್ನ ದನಿ ಕೇಳಿ, "ಹುಣಸಿಹಣ್ಣು ಹೆಂಗ ಐತಿ ಅಲ್ಲಿ?" ಎಂದು ಕೇಳಿದಳು.

"ಶನಿವಾರ ಸಂಜೀಕ ಬರ್ತೀನವಾ" ಎಂದೆ.

"ಬಾ" ಎಂದಳು. ಅವಳ ದನಿ ಹಗುರಾಯಿತು. "ಬರೂಮುಂದ ಫೋನ್ ಎತ್ತತಾಳಲ್ಲ ಆ ಹುಡುಗಿ, ಆಕೀನ್ನೂ ಕರಕೊಂಡ ಬಾ. ಭಾಳ ಮರ್ಯಾದಸ್ತಾಕಿ ಐತಿ ಕೂಸು. ಊಟ ಆತೇನಂದ್ರ ಹೇಳವಲ್ದು. ಅಲ್ಲಿ ಆಕೀನ್ನ ಯಾರೂ ಕೇಳಂಗಿಲ್ಲ ಅಂತ ಕಾಣ್ತೈತಿ."